ಗೋಲು ಪೆಟ್ಟಿಗೆಯ ಮುಂದೆ ಒಬ್ಬನೇ

ಸ್ಕೋರ್ 0–0 ಅಂತ ನೋಡಿದರೆ ಆ ಪಂದ್ಯದಲ್ಲಿ ಏನೂ ನಡೆದಿಲ್ಲ ಅನ್ನಿಸುತ್ತೆ. 2019ರ ಸೆಪ್ಟೆಂಬರ್ 10ರ ರಾತ್ರಿ ದೋಹಾದಲ್ಲಿ ನಡೆದ ಕತಾರ್–ಭಾರತ ವಿಶ್ವಕಪ್ ಅರ್ಹತಾ ಪಂದ್ಯದ ಸ್ಕೋರೂ ಇದೇ. ಆದರೆ ಕತಾರ್ ಅದೇ ವರ್ಷದ ಫೆಬ್ರುವರಿಯಲ್ಲಿ ಏಷ್ಯನ್ ಕಪ್ ಗೆದ್ದ ತಂಡ. ನಮ್ಮವರು ಐದು ದಿನದ ಹಿಂದೆ ಗುವಾಹಟಿಯಲ್ಲಿ ಒಮಾನ್‌ಗೆ ಸೋತು ವಿಮಾನ ಹತ್ತಿದ್ದರು. ಸುನಿಲ್ ಛೆಟ್ರಿಗೆ ಹುಷಾರಿರಲಿಲ್ಲ. ನಾಯಕನ ಪಟ್ಟಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ತೋಳಿಗೆ ಬಂತು. ಕತಾರಿಗಳು ಇಪ್ಪತ್ತಕ್ಕೂ ಹೆಚ್ಚು ಸಲ ಗೋಲಿನತ್ತ ಒದ್ದರು. ಗುರ್‌ಪ್ರೀತ್ ಹನ್ನೊಂದು ಸಲ ತಡೆದರು. ಆಮೇಲೆ ಎರಡು ದಿನ ವಾಟ್ಸ್‌ಆ್ಯಪ್ ತುಂಬ ಅವರದೇ ಫೋಟೊ. ಮೂರನೇ ದಿನ ಎಲ್ಲರೂ ಕ್ರಿಕೆಟ್‌ಗೆ ವಾಪಸ್.

ಗುರ್‌ಪ್ರೀತ್ ಪಂಜಾಬಿನವರು. ಹುಟ್ಟಿದ್ದು 1992ರ ಫೆಬ್ರುವರಿ 3ರಂದು, ಆಡಿ ಬೆಳೆದದ್ದು ಚಂಡೀಗಢದಲ್ಲಿ. ಆದರೆ 2017ರಿಂದ ಅವರ ಅನ್ನ ಕರ್ನಾಟಕದ್ದು, ಬೆಂಗಳೂರು ಎಫ್‌ಸಿಯದ್ದು. ನನ್ನಂಥವರಿಗೆ ಅವರು ಇನ್ನೂ ಒಂದು ಕಾರಣಕ್ಕೆ ಹತ್ತಿರ. ನಾನು ಹೊಸಪೇಟೆ ತಾಲ್ಲೂಕಿನ ಪಾಪಿನಾಯಕನಹಳ್ಳಿಯವನು. ಪಿ.ಕೆ. ಹಳ್ಳಿ ಅಂದರೆ ಬೇಗ ಗುರುತು ಸಿಗುತ್ತೆ. ಅದಿರು ಲಾರಿ, ಕೆಂಪು ಧೂಳು, ಬಳ್ಳಾರಿ ರಸ್ತೆ, ಇಷ್ಟೇ ನಮ್ಮೂರಿನ ವಿಳಾಸ. ಅದೇ ರಸ್ತೆಯಲ್ಲಿ ಬಳ್ಳಾರಿ ಕಡೆ ಹೋದರೆ ತೋರಣಗಲ್ಲು, ಜಿಂದಾಲ್ ಉಕ್ಕಿನ ಕಾರ್ಖಾನೆ. ಬೆಂಗಳೂರು ಎಫ್‌ಸಿಯನ್ನು 2013ರಲ್ಲಿ ಕಟ್ಟಿದ್ದು ಆ ಕಾರ್ಖಾನೆಯ ಒಡೆತನದ ಜೆಎಸ್‌ಡಬ್ಲ್ಯು ಸಮೂಹವೇ. 2018ರಲ್ಲಿ ಅಲ್ಲಿನ ಟೌನ್‌ಶಿಪ್ ಪಕ್ಕ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್ ಅಲ್ಲಿ ಮುಖ್ಯ. ಬಿಎಫ್‌ಸಿ ತನ್ನ ಹುಡುಗರಿಗೆ ವಸತಿ ಅಕಾಡೆಮಿ ನಡೆಸಿದ್ದೂ ಅಲ್ಲೇ, ಸೀಸನ್‌ಗೆ ಮುಂಚೆ ಹಿರಿಯರ ತಂಡ ತಯಾರಿಗೆ ಬಂದದ್ದೂ ಅಲ್ಲಿಗೇ. ನಮ್ಮ ಭಾಗದ ಅದಿರು, ನಮ್ಮ ಭಾಗದ ಬಿಸಿಲು, ಅದರ ನಡುವೆ ಒಂದು ಹಸಿರು ಮೈದಾನ. ಧೂಳು ತಿನ್ನುವವರು ಒಬ್ಬರು, ಹಸಿರು ಕಾಣುವವರು ಇನ್ನೊಬ್ಬರು ಅನ್ನೋ ಮಾತು ನಮ್ಮೂರ ಕಟ್ಟೆಯಲ್ಲಿ ಕೇಳಿಬರುತ್ತೆ. ಅದು ಬೇರೆಯೇ ಲೇಖನ ಆದೀತು.

ನಮ್ಮ ಹುಡುಗರಿಗೆ ಗೋಲ್‌ಕೀಪರ್ ಅಂದರೆ ಶಿಕ್ಷೆ. ಕಳೆದ ದಸರಾ ರಜೆಗೆ ಊರಿಗೆ ಹೋದಾಗ ಅಕ್ಕನ ಮಗ ಅವನ ಗ್ಯಾಂಗಿನ ನಿಯಮ ವಿವರಿಸಿದ: "ಮಾವ, ಯಾವನಿಗೆ ಓಡಾಕ ಬರಂಗಿಲ್ಲೋ ಅವನ್ನ ಗೋಲಿನಾಗ ನಿಂದ್ರಸ್ತೀವಿ. ಬಾಲ್ ಯಾರದೋ ಅವ ಮುಂದ." ಗೋಲು ಅಂದರೆ ಎರಡು ಇಟ್ಟಿಗೆ. ಬೆಂಗಳೂರಿನ ಆಫೀಸ್ ಟರ್ಫಿನಲ್ಲೂ ಇದೇ ಕಥೆ. ಗಂಟೆಗೆ ಸಾವಿರಾರು ರೂಪಾಯಿ ಕೊಟ್ಟು ಬುಕ್ ಮಾಡಿದ ಮೇಲೆ ಮೊದಲ ಹತ್ತು ನಿಮಿಷ ಯಾರು ಕೀಪರ್ ಅನ್ನೋ ಜಗಳ. ಕೊನೆಗೆ ತಂಡಕ್ಕೆ ಹೊಸದಾಗಿ ಸೇರಿದ ಫ್ರೆಶರ್ ಪಾಲಿಗೆ ಅದು ಬರುತ್ತೆ.

ಯಾಕೆ ಯಾರಿಗೂ ಬೇಡ ಅನ್ನೋದು ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಅರ್ಥ ಆಗುತ್ತೆ. ಸಿಸ್ಟಮ್ ಮುನ್ನೂರ ಅರವತ್ತನಾಲ್ಕು ದಿನ ನಡೆದರೆ ನಿಮ್ಮ ಹೆಸರು ಯಾರ ಬಾಯಲ್ಲೂ ಇಲ್ಲ. ಒಂದು ರಾತ್ರಿ ಬಿದ್ದರೆ ಬೆಳಗ್ಗೆ ಕಾಲ್‌ನಲ್ಲಿ ಮೊದಲು ಕೇಳುವುದೇ ನಿಮ್ಮ ಹೆಸರು. ಸ್ಟ್ರೈಕರ್ ಹತ್ತು ಅವಕಾಶ ಹಾಳು ಮಾಡಿ ಹನ್ನೊಂದನೆಯದರಲ್ಲಿ ಗೋಲು ಹೊಡೆದರೆ ಹೀರೊ. ಕೀಪರ್ ಹತ್ತು ತಡೆದು ಒಂದು ಬಿಟ್ಟರೆ ಆ ಒಂದರದೇ ವಿಡಿಯೊ ಓಡಾಡುತ್ತೆ.

ಇದಕ್ಕೆ ಸ್ಲೊವಾಕಿಯಾದ ಮಾರ್ಟಿನ್ ದುಬ್ರಾವ್ಕಾ ಅವರ ಒಂದು ಸಂಜೆ ಸಾಕ್ಷಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆಸರು ಮಾಡಿದ ಕೀಪರ್. 2021ರ ಜೂನ್ 23ರಂದು ಯುರೊ ಕಪ್‌ನಲ್ಲಿ ಸ್ಪೇನ್ ಎದುರು ಹನ್ನೆರಡನೇ ನಿಮಿಷಕ್ಕೆ ಮೊರಾಟಾ ಒದ್ದ ಪೆನಾಲ್ಟಿ ತಡೆದರು. ಇಡೀ ಸ್ಲೊವಾಕಿಯಾ ಎದ್ದು ನಿಂತಿರಬೇಕು. ಮೂವತ್ತನೇ ನಿಮಿಷದಲ್ಲಿ ಚೆಂಡು ಅಡ್ಡಪಟ್ಟಿಗೆ ಬಡಿದು ಮೇಲಕ್ಕೆ ಹಾರಿ ಕೆಳಗೆ ಬಂತು. ಅದನ್ನು ಆಚೆ ತಳ್ಳಲು ಹಾರಿದ ಅವರು ತಮ್ಮದೇ ಗೋಲಿನೊಳಗೆ ತಳ್ಳಿಬಿಟ್ಟರು. ಪಂದ್ಯ 5–0. ಈಗ ಅವರ ಹೆಸರು ಹುಡುಕಿ ನೋಡಿ, ಯಾವ ವಿಡಿಯೊ ಮೊದಲು ಬರುತ್ತೆ ಅಂತ. ನಡುವೆ ಇದ್ದದ್ದು ಹದಿನೆಂಟು ನಿಮಿಷ.

ಆನ್‌ಸೈಟ್ ಬಿಟ್ಟು ಬಂದವರು

ಗುರ್‌ಪ್ರೀತ್ ಎಂಟು ವರ್ಷದ ಹುಡುಗನಾಗಿದ್ದಾಗ ಚಂಡೀಗಢದ ಸೇಂಟ್ ಸ್ಟೀಫನ್ಸ್ ಅಕಾಡೆಮಿಯಲ್ಲಿ ಚೆಂಡು ಹಿಡಿಯಲು ಶುರುಮಾಡಿದರು. ಅಪ್ಪ ಪಂಜಾಬ್ ಪೊಲೀಸ್‌ನಲ್ಲಿದ್ದರು. 2009ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕರೆಯಿತು. 2011ರ ಏಷ್ಯನ್ ಕಪ್ ತಂಡದಲ್ಲಿ ಹೆಸರಿತ್ತು, ಆದರೆ ಆಗ ಗೋಲಿನಲ್ಲಿದ್ದವರು ಸುಬ್ರತ ಪಾಲ್. ಆ ಟೂರ್ನಿಯಲ್ಲಿ ಪಾಲ್‌ಗೆ ಸ್ಪೈಡರ್‌ಮ್ಯಾನ್ ಅಂತಲೇ ಹೆಸರು ಬಿತ್ತು. ಹದಿನೆಂಟರ ಹುಡುಗ ಬೆಂಚಿನ ಮೇಲೆ ಕೂತು ಅದನ್ನು ನೋಡಿದ.

2014ರಲ್ಲಿ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದರು. ಓಸ್ಲೊ ಪಕ್ಕದ ಊರಿನ ಕ್ಲಬ್, ಕೋಚ್ ಅಮೆರಿಕದ ಬಾಬ್ ಬ್ರ್ಯಾಡ್ಲಿ. ನಮ್ಮವರು ಯುರೋಪಿಗೆ ಹೋದ ಕಥೆ ಹೊಸದಲ್ಲ, ಬೈಚುಂಗ್ ಭುಟಿಯಾ ಇಂಗ್ಲೆಂಡಿನ ಬರಿಗೆ ಹೋಗಿದ್ದರು, ಛೆಟ್ರಿ ಪೋರ್ಚುಗಲ್‌ನ ಸ್ಪೋರ್ಟಿಂಗ್‌ನ ಬಿ ತಂಡಕ್ಕೆ ಹೋಗಿದ್ದರು. ಆದರೆ ಯುರೋಪಿನ ಒಂದು ದೇಶದ ಉನ್ನತ ಲೀಗಿನಲ್ಲಿ ಭಾರತದ ಕೀಪರ್ ನಿಲ್ಲುವುದು ಅಂದರೆ ಬೇರೆ ಮಾತು. ಔಟ್‌ಫೀಲ್ಡ್ ಆಟಗಾರನಿಗೆ ಕೊನೆಯ ಹತ್ತು ನಿಮಿಷಕ್ಕೆ ಅವಕಾಶ ಕೊಟ್ಟು ನೋಡಬಹುದು. ಕೀಪರ್‌ಗೆ ಹಾಗಿಲ್ಲ. ಕುರ್ಚಿ ಒಂದೇ. ಅದರಲ್ಲಿ ಕೂತವನು ಎದ್ದರೆ ಮಾತ್ರ ನಿಮಗೆ ಜಾಗ. ಸ್ಟಾಬೆಕ್‌ನಲ್ಲಿ ಆ ಕುರ್ಚಿ ಐವರಿ ಕೋಸ್ಟ್‌ನ ಸಯೂಬಾ ಮಾಂಡೆ ಅವರದು. ಗುರ್‌ಪ್ರೀತ್ ಸುಮಾರು ಎರಡು ವರ್ಷ ಕಾದರು. 2016ರ ಮೇನಲ್ಲಿ ಲೀಗ್ ಪಂದ್ಯಕ್ಕೆ ಇಳಿದರು, ಸ್ಟಾರ್ಟ್ ಎದುರು ತಂಡ 5–0ಯಿಂದ ಗೆದ್ದಿತು, ಇವರ ಗೋಲಿಗೆ ಚೆಂಡೇ ಹೋಗಲಿಲ್ಲ. ಅದೇ ಜೂನ್ 30ರಂದು ವೇಲ್ಸ್‌ನ ಕಾನಾಸ್ ಕೀ ನೊಮ್ಯಾಡ್ಸ್ ಎದುರು ಯುರೋಪಾ ಲೀಗ್ ಅರ್ಹತಾ ಪಂದ್ಯ. ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯ ಅವರೇ. ಆದರೆ ಮೊದಲಾರ್ಧದಲ್ಲೇ ಗಾಯ ಆಗಿ ಹೊರಬರಬೇಕಾಯಿತು. ಇತಿಹಾಸ ಬರೆದ ದಿನ ಪೂರ್ತಿ ಪಂದ್ಯವೂ ದಕ್ಕಲಿಲ್ಲ. ಎರಡು ತಿಂಗಳಾದ ಮೇಲೆ, ಸೆಪ್ಟೆಂಬರ್ 3ಕ್ಕೆ, ಮುಂಬೈನಲ್ಲಿ ಪೋರ್ಟೊ ರಿಕೊ ಎದುರು ಭಾರತದ ನಾಯಕ. 4–1 ಗೆಲುವು.

2017ರ ಆಗಸ್ಟ್‌ನಲ್ಲಿ ನಾರ್ವೆ ಬಿಟ್ಟು ಬೆಂಗಳೂರು ಎಫ್‌ಸಿಗೆ ಬಂದರು. ಆಗ ಫುಟ್‌ಬಾಲ್ ಗೆಳೆಯರೆಲ್ಲ ಗೊಣಗಿದ್ದು ನೆನಪಿದೆ: ಯುರೋಪ್ ಬಿಟ್ಟು ಯಾರಾದರೂ ಐಎಸ್‌ಎಲ್‌ಗೆ ಬರ್ತಾರಾ? ನಮ್ಮ ಫೀಲ್ಡಿನಲ್ಲಿ ಆನ್‌ಸೈಟ್ ಬಿಟ್ಟು ಊರಿಗೆ ವಾಪಸಾದವರಿಗೂ ನೆಂಟರು ಕೇಳುವ ಪ್ರಶ್ನೆ ಇದೇ. "ಅಲ್ಲಿ ಏನಾದ್ರೂ ತೊಂದ್ರೆ ಆಯ್ತಾ?" ಅಂತ ಮದುವೆ ಮನೆಯಲ್ಲಿ ದನಿ ತಗ್ಗಿಸಿ ಕೇಳುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಗುರ್‌ಪ್ರೀತ್ ಮಾಡಿದ್ದು ಸರಿ. ಇಪ್ಪತ್ತೈದರ ಕೀಪರ್‌ಗೆ ಬೇಕಾದ್ದು ವಿಳಾಸ ಅಲ್ಲ, ಪಂದ್ಯ. ಚಳಿಯಲ್ಲಿ ಬೆಂಚು ಕಾಯಿಸಿ ರೆಸ್ಯೂಮೆಯಲ್ಲಿ ಒಂದು ಒಳ್ಳೆ ಸಾಲು ಸೇರಿಸಿಕೊಳ್ಳಬಹುದು, ಆದರೆ ಅಭ್ಯಾಸದಲ್ಲಿ ಎದುರಿಸುವ ಸಾವಿರ ಹೊಡೆತ ಪಂದ್ಯದ ಒಂದು ಹೊಡೆತಕ್ಕೆ ಸಮ ಅಲ್ಲ. ದೋಹಾದ ಆ ಹನ್ನೊಂದು ತಡೆಗಳ ಹಿಂದೆ ಬೆಂಗಳೂರಿನಲ್ಲಿ ವಾರವಾರ ಆಡಿದ ಎರಡು ಪೂರ್ಣ ಸೀಸನ್ ಇತ್ತು.

ಆ ಸೀಸನ್‌ಗಳ ಆರಂಭ ಏನೂ ಚೆನ್ನಾಗಿರಲಿಲ್ಲ. 2017ರ ನವೆಂಬರ್ ಕೊನೆಗೆ ಗೋವಾದಲ್ಲಿ ಎದುರಾಳಿ ಬ್ರ್ಯಾಂಡನ್ ಫರ್ನಾಂಡಿಸ್ ಜೊತೆ ತಳ್ಳಾಟಕ್ಕಿಳಿದು ಕೆಂಪು ಕಾರ್ಡ್ ತೆಗೆದುಕೊಂಡರು. ತಂಡ 4–3ರಿಂದ ಸೋತಿತು. ಎರಡನೇ ಸೀಸನ್‌ನಲ್ಲಿ, 2019ರ ಮಾರ್ಚ್ 17ರಂದು, ಮುಂಬೈನಲ್ಲಿ ಅದೇ ಗೋವಾ ಎದುರು ಫೈನಲ್. ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ತಲೆಕೊಟ್ಟ ಚೆಂಡು ಒಳಗೆ ಹೋಯಿತು, ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್. ಆ ವರ್ಷವೂ ಮುಂದಿನ ವರ್ಷವೂ ಲೀಗಿನ ಗೋಲ್ಡನ್ ಗ್ಲೌವ್ ಗುರ್‌ಪ್ರೀತ್‌ಗೇ. 2019ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು.

ಅರ್ಧ ಸೆಕೆಂಡೂ ಇಲ್ಲ

ಪೆನಾಲ್ಟಿಯ ಲೆಕ್ಕ ಒಮ್ಮೆ ಹಾಕಿ ನೋಡಿ. ಗೋಲು ಪೆಟ್ಟಿಗೆ 7.32 ಮೀಟರ್ ಅಗಲ, 2.44 ಮೀಟರ್ ಎತ್ತರ. ಚೆಂಡು ಇಡುವ ಜಾಗ ಗೆರೆಯಿಂದ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದರೆ ಚೆಂಡು ಗೆರೆ ಮುಟ್ಟಲು 0.4 ಸೆಕೆಂಡ್. ಕಣ್ಣಿಗೆ ಕಂಡದ್ದಕ್ಕೆ ಮೈ ಅಲುಗಾಡಲು ಸುಮಾರು 0.2 ಸೆಕೆಂಡ್ ಹೋಗುತ್ತೆ. ಉಳಿದ 0.2ರಲ್ಲಿ ಮೂರೂವರೆ ಮೀಟರ್ ಪಕ್ಕಕ್ಕೆ ಹಾರಬೇಕು. ಆಗಲ್ಲ. ಅದಕ್ಕೇ ಕೀಪರ್ ಚೆಂಡು ನೋಡಿ ಹಾರುವುದಿಲ್ಲ. ಓಡಿಬರುವವನ ಸೊಂಟ ಎತ್ತ ತಿರುಗಿದೆ, ಊರುವ ಕಾಲು ಯಾವ ಕಡೆ ಮುಖ ಮಾಡಿದೆ ಅಂತ ನೋಡಿ, ಒದೆಯುವ ಕ್ಷಣಕ್ಕೆ ತೀರ್ಮಾನ ಮಾಡಿರಬೇಕು. ಮುಂಚೆಯೇ ಹಾರಿದರೆ ಒದೆಯುವವನು ಇನ್ನೊಂದು ಕಡೆ ಮೆಲ್ಲಗೆ ಇಡುತ್ತಾನೆ. ಮುಂದೆ ಬಂದು ಕೋನ ಮುಚ್ಚೋಣ ಅಂದರೆ, ಒದೆಯುವಾಗ ಕನಿಷ್ಠ ಒಂದು ಪಾದ ಗೆರೆಯ ನೇರಕ್ಕೆ ಇರಲೇಬೇಕು ಅನ್ನೋ ನಿಯಮ ಇದೆ. ಗುರ್‌ಪ್ರೀತ್‌ಗೆ ಇಲ್ಲಿ ಒಂದು ವರ ಇದೆ, ಆರೂವರೆ ಅಡಿ ಹತ್ತಿರದ ಎತ್ತರ. ಕೈ ಚಾಚಿ ನಿಂತರೆ ಒದೆಯುವವನಿಗೆ ಗೋಲೇ ಚಿಕ್ಕದಾಗಿ ಕಾಣುತ್ತೆ.

ಕಂಠೀರವದಲ್ಲಿ ಇದನ್ನು ನೋಡಿದವರಿಗೆ 2023 ಮರೆಯಲ್ಲ. ಮಾರ್ಚ್ 12ಕ್ಕೆ ಮುಂಬೈ ಸಿಟಿ ಎದುರು ಐಎಸ್‌ಎಲ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎರಡೂ ಪಂದ್ಯ ಸೇರಿ 2–2. ಶೂಟೌಟ್‌ನಲ್ಲಿ ಎರಡೂ ಕಡೆ ಎಂಟೆಂಟು ಗೋಲು. ಒಂಬತ್ತನೆಯದಕ್ಕೆ ಮೆಹ್ತಾಬ್ ಸಿಂಗ್ ಒದ್ದದ್ದನ್ನು ಗುರ್‌ಪ್ರೀತ್ ತಡೆದರು, ಸಂದೇಶ್ ಝಿಂಗನ್ ತಮ್ಮದನ್ನು ಒಳಗೆ ಹಾಕಿದರು, 9–8. ವೆಸ್ಟ್ ಬ್ಲಾಕ್‌ನಲ್ಲಿ ಗುರುತೇ ಇಲ್ಲದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆರು ದಿನಕ್ಕೆ ಗೋವಾದ ಫತೋರ್ಡಾದಲ್ಲಿ ಫೈನಲ್, ಮತ್ತೆ ಶೂಟೌಟ್, ಎಟಿಕೆ ಮೋಹನ್ ಬಾಗಾನ್ ಎದುರು 3–4ರ ಸೋಲು. ಆ ದಿನ ಪೆನಾಲ್ಟಿ ತಡೆದ ಕೀಪರ್ ಎದುರಿನ ವಿಶಾಲ್ ಕೈತ್. ಈ ಹೆಸರು ನೆನಪಿಡಿ.

ಅದೇ ಜುಲೈ 1ರಂದು ಅದೇ ಕಂಠೀರವದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್ ಸೆಮಿಫೈನಲ್. ಲೆಬನಾನ್ ನಾಯಕ ಹಸನ್ ಮಾತೂಕ್ ಅವರ ಮೊದಲ ಒದೆತವನ್ನೇ ತಡೆದರು, 4–2. ಜುಲೈ 4ರಂದು ಕುವೈತ್ ಎದುರು ಫೈನಲ್, 1–1. ಶೂಟೌಟ್ ಐದೈದು ಮುಗಿದು ಸಡನ್ ಡೆತ್‌ಗೆ ಹೋಯಿತು. ಮಹೇಶ್ ನವೋರೆಮ್ ಗೋಲು ಹಾಕಿದ ಮೇಲೆ ಕುವೈತ್‌ನ ಖಾಲಿದ್ ಹಾಜಿಯಾ ಒದೆತವನ್ನು ಗುರ್‌ಪ್ರೀತ್ ಆಚೆ ತಳ್ಳಿದರು. ಟಿವಿಯಲ್ಲಿ ಕಾಣದ ಒಂದು ಸಂಗತಿ ಹೇಳಬೇಕು. ಕೀಪರ್ ಬಾಯಿ ತೊಂಬತ್ತು ನಿಮಿಷವೂ ಸುಮ್ಮನಿರಲ್ಲ. ಚೆಂಡು ಆ ತುದಿಯಲ್ಲಿದ್ದಾಗಲೂ ಡಿಫೆಂಡರ್‌ಗಳನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಅಂತ ಕೂಗುತ್ತಲೇ ಇರುತ್ತಾರೆ. ಇಡೀ ಮೈದಾನ ಮುಂದೆ ಕಾಣುವುದು ಅವರೊಬ್ಬರಿಗೇ. ಅವರು ಕೂಗಿ ತಪ್ಪಿಸಿದ ಗೋಲು ಯಾವ ಸ್ಕೋರ್‌ಕಾರ್ಡಿನಲ್ಲೂ ಬರಲ್ಲ.

ಬೆಂಗಳೂರಿಗೆ ಇದು ಹೊಸ ಹುಚ್ಚು ಅಂತ ಅಂದುಕೊಳ್ಳಬೇಡಿ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯ 1948ರ ಜುಲೈ 31ರಂದು ಲಂಡನ್ ಹತ್ತಿರದ ಇಲ್‌ಫರ್ಡ್‌ನಲ್ಲಿ ಫ್ರಾನ್ಸ್ ಎದುರು ನಡೆಯಿತು. ಗೋಲು ಕಾಯಲು ನಿಂತಿದ್ದವರು ಮೈಸೂರು ಸಂಸ್ಥಾನದ ಕೆ.ವಿ. ವರದರಾಜ್. ನಮ್ಮವರು ಹಲವರು ಬರಿಗಾಲಲ್ಲೇ ಆಡಿದರು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥ. ಸಾರಂಗಪಾಣಿ ರಾಮನ್ ಒಂದು ಗೋಲು ಹಾಕಿ ಸಮ ಮಾಡಿದರು. ಫ್ರಾನ್ಸ್ ಗೆಲುವಿನ ಗೋಲು ಹೊಡೆದದ್ದು 89ನೇ ನಿಮಿಷಕ್ಕೆ. ಬರಿಗಾಲಿನ ಕಥೆ ಎಲ್ಲರಿಗೂ ಗೊತ್ತು, ವರದರಾಜ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಮತ್ತೆ ದೋಹಾ

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಛೆಟ್ರಿ ವಿದಾಯದ ಪಂದ್ಯ ಆಡಿದರು. ಐದು ದಿನಕ್ಕೆ ದೋಹಾದಲ್ಲಿ ಕತಾರ್, ನಾಯಕ ಗುರ್‌ಪ್ರೀತ್. ಗೆದ್ದಿದ್ದರೆ ಭಾರತ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೆ ಮೊದಲ ಸಲ ಹೋಗುತ್ತಿತ್ತು. 37ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹಾಕಿದರು. 73ರವರೆಗೂ ನಾವೇ ಮುಂದೆ. ಆಗ ಕತಾರ್‌ನ ಯೂಸುಫ್ ಅಯ್ಮನ್ ತಲೆಕೊಟ್ಟ ಚೆಂಡನ್ನು ಗುರ್‌ಪ್ರೀತ್ ತಡೆದರು. ಚೆಂಡು ಅವರ ಪಕ್ಕದಿಂದ ಜಾರಿ ಗೋಲ್ ಲೈನ್ ದಾಟಿ ಹೊರಗೆ ಹೋಯಿತು. ನಿಯಮದ ಪ್ರಕಾರ ಅದು ಕಾರ್ನರ್. ಕತಾರ್ ಆಟಗಾರನೊಬ್ಬ ಅದನ್ನು ಒಳಗೆ ಎಳೆದ, ಅಯ್ಮನ್ ಗೋಲಿಗೆ ಹಾಕಿದ. ನಮ್ಮವರು ಕೈ ಎತ್ತಿ ನಿಂತಿದ್ದರು. ದಕ್ಷಿಣ ಕೊರಿಯಾದ ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಎಆರ್ ಇರಲಿಲ್ಲ. ಹನ್ನೆರಡು ನಿಮಿಷಕ್ಕೆ ಇನ್ನೊಂದು ಗೋಲು, 2–1, ಎಲ್ಲ ಮುಗಿಯಿತು. ಫೋನಿನಲ್ಲಿ ಆ ಕ್ಲಿಪ್ ನಾನು ಎಷ್ಟು ಸಲ ನಿಲ್ಲಿಸಿ ನೋಡಿದೆನೋ. ಚೆಂಡಿಗೂ ಗೆರೆಗೂ ನಡುವೆ ಹುಲ್ಲು ಕಾಣುತ್ತೆ. ಐದು ವರ್ಷದ ಹಿಂದೆ ಅದೇ ಊರಿನಲ್ಲಿ ಹನ್ನೊಂದು ತಡೆದು ಹೀರೊ ಆದವರು ಈ ಸಲ ಹನ್ನೆರಡನೆಯದನ್ನೂ ತಡೆದಿದ್ದರು ಅಂತಲೇ ನನ್ನ ಲೆಕ್ಕ.

ಮುಂದಿನದಕ್ಕೆ ಮಾತ್ರ ರೆಫರಿಯನ್ನು ದೂರುವಂತಿಲ್ಲ. ಅದೇ ನವೆಂಬರ್ 18ರಂದು ಹೈದರಾಬಾದ್‌ನಲ್ಲಿ ಮಲೇಷ್ಯಾ ಎದುರು ಉದ್ದದ ಚೆಂಡೊಂದಕ್ಕೆ ಗೋಲು ಬಿಟ್ಟು ಮುಂದೆ ಓಡಿಬಂದರು. ಚೆಂಡು ಪುಟಿದು ತಲೆ ಮೇಲಿಂದ ಹೋಯಿತು, ಪೌಲೊ ಜೋಸುವೆ ಖಾಲಿ ಗೋಲಿಗೆ ಹಾಕಿದರು. ಗೆರೆ ಮೇಲೆ ನಿಂತು ತಡೆಯುವುದರಲ್ಲಿ ಗುರ್‌ಪ್ರೀತ್‌ಗೆ ನಮ್ಮಲ್ಲಿ ಸಾಟಿ ಇಲ್ಲ, ಆದರೆ ಗೆರೆ ಬಿಟ್ಟು ಬರುವ ತೀರ್ಮಾನದಲ್ಲಿ ತಡವರಿಸುತ್ತಾರೆ ಅನ್ನೋದು ಹಳೆಯ ದೂರು, ಅದರಲ್ಲಿ ಹುರುಳೂ ಇದೆ. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು ಗೋಲಿನಲ್ಲಿ ವಿಶಾಲ್ ಕೈತ್ ಇದ್ದರು. ಕುರ್ಚಿ ಒಂದೇ ಅಂದೆನಲ್ಲ.

ಆಮೇಲಿನ ಬೇಸಿಗೆ ಇನ್ನೂ ಕೆಟ್ಟದು. ಏಪ್ರಿಲ್ 12ಕ್ಕೆ ಬೆಂಗಳೂರು ಇನ್ನೊಂದು ಐಎಸ್‌ಎಲ್ ಫೈನಲ್ ಸೋತಿತು, ಕೋಲ್ಕತ್ತದಲ್ಲಿ, ಹೆಚ್ಚುವರಿ ಸಮಯದಲ್ಲಿ, ಮೋಹನ್ ಬಾಗಾನ್‌ಗೇ. ಬಳಿಕ ಲೀಗ್ ನಡೆಸುವ ಒಪ್ಪಂದದ ಜಗಳದಲ್ಲಿ ಮುಂದಿನ ಸೀಸನ್ನೇ ಅನಿಶ್ಚಿತವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಲೇಆಫ್ ಮೇಲ್ ಬಂದ ದಿನ ಆಫೀಸಿನ ಕ್ಯಾಂಟೀನು ಹೇಗಿರುತ್ತೆ ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಕಿಟ್ ತೊಳೆಯುವವರು, ಫಿಸಿಯೊಗಳು, ಆಟಗಾರರು, ಎಲ್ಲರದೂ ಅದೇ ಪಾಡು. ಇಎಂಐಗೆ ಫುಟ್‌ಬಾಲ್ ಗೊತ್ತಾಗಲ್ಲ.

ಅದೇ ತಿಂಗಳ ಕೊನೆಗೆ ಹೊಸ ಕೋಚ್ ಖಾಲಿದ್ ಜಮೀಲ್ ತಂಡ ಕಟ್ಟಿಕೊಂಡು ತಜಿಕಿಸ್ತಾನಕ್ಕೆ ಹೋದರು, ಕಾಫಾ ನೇಷನ್ಸ್ ಕಪ್‌ಗೆ. ಗೋಲಿನಲ್ಲಿ ಮತ್ತೆ ಗುರ್‌ಪ್ರೀತ್. ಆಗಸ್ಟ್ 29ರಂದು ಆತಿಥೇಯರ ಎದುರು 2–1ರ ಮುನ್ನಡೆಯಲ್ಲಿದ್ದಾಗ ಪೆನಾಲ್ಟಿ ಎದುರಾಯಿತು, ತಡೆದರು. ಇರಾನ್ ಮೂರು ಗೋಲು ಹೊಡೆಯಿತು, ಅದು ನಿರೀಕ್ಷೆಯದೇ. ಸೆಪ್ಟೆಂಬರ್ 8ರಂದು ಮೂರನೇ ಸ್ಥಾನಕ್ಕೆ ಒಮಾನ್ ಎದುರು ಪಂದ್ಯ, ಉದಾಂತ ಸಿಂಗ್ ಸಮ ಮಾಡಿದರು, 1–1, ಶೂಟೌಟ್. 3–2 ಇದ್ದಾಗ ಒಮಾನ್‌ನ ಕೊನೆಯ ಒದೆತ. ಗುರ್‌ಪ್ರೀತ್ ತಡೆದರು. ಫಿಫಾ ಪಟ್ಟಿಯಲ್ಲಿ ನಮಗಿಂತ ಐವತ್ತಕ್ಕೂ ಹೆಚ್ಚು ಸ್ಥಾನ ಮೇಲಿದ್ದ ತಂಡ ಅದು.

ಕಂಚಿನ ಖುಷಿ ಒಂದು ತಿಂಗಳು ಉಳಿಯಿತು. ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರ ನಮ್ಮನ್ನು 2–1ರಿಂದ ಸೋಲಿಸಿತು, 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿತು. ಅಕ್ಕನ ಮಗ ಫೋನ್ ಮಾಡಿ, "ಮಾವ, ಇನ್ನ ಅವ್ರು ಬಿಡ್ತಾರೇನು?" ಅಂದ. 2018ರ ವಿಶ್ವಕಪ್‌ನಲ್ಲಿ ಈಜಿಪ್ಟಿನ ಇಸ್ಸಾಮ್ ಅಲ್ ಹದರಿ ನಲವತ್ತೈದನೇ ವಯಸ್ಸಿನಲ್ಲಿ ಸೌದಿ ಅರೇಬಿಯಾದ ಪೆನಾಲ್ಟಿ ತಡೆದಿದ್ದರು ಅಂತ ಹೇಳಿದೆ. ಗುರ್‌ಪ್ರೀತ್‌ಗೆ ಆಗಿನ್ನೂ ಮೂವತ್ತಮೂರು.